ಫೋನಿನ ರೇಡಿಯೋಗೆ ತಂತಿ ಏಕೆ ಬೇಕು?

ಒಲೆಯ ಮೇಲೆ ಸಾರು ಕುದಿಯುವಾಗ ಪಕ್ಕದಲ್ಲಿ ರೇಡಿಯೋ ಹಾಡುತ್ತಿದ್ದರೆ ಕೆಲಸ ಮುಗಿದದ್ದೇ ತಿಳಿಯುವುದಿಲ್ಲ, ಅಲ್ಲವೇ? ಹೊಸ ಮೊಬೈಲ್ ಕೊಂಡ ಅನೇಕ ಸೋದರಿಯರದು ಒಂದೇ ದೂರು: “ಹಳೇ ಫೋನಲ್ಲಿ ಎಫ್‌ಎಂ ಬರ್ತಿತ್ತು. ಇಷ್ಟು ದುಡ್ಡು ಸುರಿದ ಇದರಲ್ಲಿ ಯಾಕ್ರೀ ಇಲ್ಲ?”

ಹಿಂದೆ ರೇಡಿಯೋಗೆಂದು ಮನೆಯಲ್ಲಿ ಏರಿಯಲ್ ಕಟ್ಟುತ್ತಿದ್ದುದು ನೆನಪಿದೆಯಷ್ಟೆ? ಎಫ್‌ಎಂಗೂ ಅದು ಬೇಕು. ಬೆಂಗಳೂರಿನ ಎಫ್‌ಎಂ ರೈನ್‌ಬೋ ಬರುವುದು 101.3 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಹತ್ತಿರ ಹತ್ತಿರ 3 ಮೀಟರ್. ಅದರ ಕಾಲುಭಾಗ, ಅಂದರೆ ಮುಕ್ಕಾಲು ಮೀಟರ್ ತಂತಿಯಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಅಂಗೈಯಗಲದ ಫೋನಿನಲ್ಲಿ ಅಷ್ಟುದ್ದದ ತಂತಿಯನ್ನು ಎಲ್ಲಿ ತುರುಕುವುದು? ಅದಕ್ಕೇ ತಯಾರಕರು ಇಯರ್‌ಫೋನಿನ ತಂತಿಯನ್ನೇ ಏರಿಯಲ್ ಮಾಡಿಬಿಟ್ಟರು. ಜಾಣತನವೇ ಅನ್ನಿ!

ಬ್ಲೂಟೂತ್ ಕಥೆ ಬೇರೆ. ಅದು 2.4 ಗಿಗಾಹರ್ಟ್ಸ್, ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಕಾಲುಭಾಗವೆಂದರೆ 3 ಸೆಂಟಿಮೀಟರ್, ಫೋನಿನ ಮೂಲೆಯಲ್ಲೇ ಅಡಗುತ್ತದೆ. 2016ರಲ್ಲಿ ಆಪಲ್ ಕಂಪನಿ ಐಫೋನ್ 7ರಲ್ಲಿ ಇಯರ್‌ಫೋನ್ ಚುಚ್ಚುವ ತೂತನ್ನೇ ತೆಗೆದುಹಾಕಿತು. ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಒಳಗೆ ಜಾಗ ಉಳಿಯಿತು, ನೀರು ನುಗ್ಗುವ ಒಂದು ಬಾಗಿಲು ಮುಚ್ಚಿತು, ನಿಜ. ಆದರೆ ಏರಿಯಲ್ಲೂ ಹೋಯಿತಲ್ಲ! ನಮಗೆ ಸಿಕ್ಕಿದ್ದು ದಿನಾ ಚಾರ್ಜ್‌ಗೆ ಹಾಕಬೇಕಾದ ಮತ್ತೊಂದು ಸಾಮಾನು.

ಆಪ್‌ನಲ್ಲಿ ಕೇಳಿದರಾಯ್ತು ಅಂತೀರಾ? ಸೆಕೆಂಡಿಗೆ 128 ಕಿಲೋಬಿಟ್‌ನಂತೆ ಬಂದರೆ ಗಂಟೆಗೆ 58 ಎಂಬಿಯಷ್ಟು ಡೇಟಾ ಖರ್ಚು. ಎಫ್‌ಎಂಗೆ ಒಂದು ಕಾಸೂ ಇಲ್ಲ. ಅದೂ ಹೋಗಲಿ, ಜಡಿಮಳೆಯಲ್ಲಿ ಕರೆಂಟ್ ಹೋಗಿ ಟವರ್ ಸತ್ತರೆ ಆಪೂ ಸತ್ತ ಹಾಗೆಯೇ. ಮಲೆನಾಡು, ಕರಾವಳಿಯ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿಗೆ ಎಫ್‌ಎಂ ಪ್ರಸಾರ ಇದ್ದು, ಫೋನಿನಲ್ಲೂ ಎಫ್‌ಎಂ ಇದ್ದರೆ ಆ ಹೊತ್ತಿನಲ್ಲೂ ಸುದ್ದಿ ಕೇಳಬಹುದು. ಇದನ್ನೆಲ್ಲ ಯೋಚಿಸಿಯೇ ಕೇಂದ್ರ ಸರ್ಕಾರ 2023ರಲ್ಲಿ, ಫೋನಿನೊಳಗಿರುವ ಎಫ್‌ಎಂ ಅನ್ನು ನಿಷ್ಕ್ರಿಯ ಮಾಡಬೇಡಿ ಎಂದು ತಯಾರಕರಿಗೆ ತಿಳಿಸಿತು. ಅದು ಸಲಹೆ ಮಾತ್ರ.

ಆದ್ದರಿಂದ ಮುಂದಿನ ಸಲ ಅಂಗಡಿಗೆ ಹೋಗುವಾಗ ಮನೆಯಲ್ಲಿರುವ ತಂತಿಯ ಇಯರ್‌ಫೋನ್ ಜೊತೆಗಿರಲಿ. ಚುಚ್ಚಿ, ಎಫ್‌ಎಂ ಹಾಕಿಸಿ, ಕೇಳಿಯೇ ದುಡ್ಡು ಕೊಡಿ. ಬ್ಲೂಟೂತ್ ಇಯರ್‌ಫೋನ್ ಏರಿಯಲ್ ಕೆಲಸ ಮಾಡದು. ತಂತಿಯನ್ನು ಸುತ್ತಿಡದೆ ಉದ್ದಕ್ಕೆ ಬಿಡಿ, ಗೊರಗೊರ ಶಬ್ದ ಕಡಿಮೆಯಾದೀತು. ಕಿವಿಗೆ ಸಿಕ್ಕಿಸಿಕೊಳ್ಳಲೇಬೇಕೆಂದೇನೂ ಇಲ್ಲ. ಬಹಳಷ್ಟು ಫೋನುಗಳಲ್ಲಿ ತಂತಿ ಚುಚ್ಚಿದ ಮೇಲೆ ಸ್ಪೀಕರ್ ಒತ್ತಿದರೆ ಹಾಡು ಹೊರಗೇ ಕೇಳುತ್ತದೆ, ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕವೂ ತಪ್ಪುವುದಿಲ್ಲ.