ಆರೋಗ್ಯ ಚಿಂತನ: ನೋವೆಂಬ ಕಾವಲುಗಾರ

ಕಾದ ಹಂಚಿನ ಮೇಲೆ ರೊಟ್ಟಿ ತಿರುವುವಾಗ ತಾಯಂದಿರ ಬೆರಳಿಗೆ ಬಿಸಿ ತಾಕುವುದುಂಟು. ತಾಕಿದೊಡನೆ ಕೈ ಹಿಂದೆ ಸರಿಯುತ್ತದೆ. ‘ಸುಟ್ಟಿತು’ ಎಂಬ ಅರಿವು ಆಮೇಲೆ ಬರುತ್ತದೆ. ಕೈ ತೆಗೆಯಬೇಕೆಂದು ನಾವು ಆಲೋಚಿಸಿರುವುದಿಲ್ಲ. ಹಾಗಾದರೆ ಆಜ್ಞೆ ಬಂದುದೆಲ್ಲಿಂದ?

ನಮ್ಮ ಚರ್ಮದಲ್ಲಿ ನರಕೋಶಗಳ ಸೂಕ್ಷ್ಮ ತುದಿಗಳು ಹರಡಿಕೊಂಡಿವೆ. ಶಾಖವನ್ನು ಗುರುತಿಸುವ ತುದಿಗಳಲ್ಲಿ ಪ್ರೋಟೀನಿನಿಂದಾದ ಪುಟ್ಟ ಬಾಗಿಲುಗಳಿವೆ. ಅವುಗಳಲ್ಲೊಂದು ಬಗೆಯವು ಉಷ್ಣತೆಯು ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದಾಗ ತೆರೆದುಕೊಳ್ಳುತ್ತವೆ. ಸೋಡಿಯಂ, ಕ್ಯಾಲ್ಸಿಯಂಗಳ ಅಯಾನುಗಳು ಒಳನುಗ್ಗಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತುವೂ ಇದೇ ಬಾಗಿಲನ್ನು ತೆರೆಯುತ್ತದೆ. ನಮ್ಮ ಸಂಕೇಶ್ವರದ ಹೆಸರನ್ನೇ ಹೊತ್ತ ಮೆಣಸಿನಕಾಯಿಯನ್ನು ತಿಂದವರು ‘ಬಾಯಿ ಉರಿಯಿತು’ ಎನ್ನುವುದು ಬರಿಯ ಮಾತಲ್ಲ. ನರಗಳ ಪಾಲಿಗೆ ಅದೂ ಉರಿಯೇ. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಹೀಗೆ ಹುಟ್ಟಿದ ಸಂಕೇತವು ನರದ ಎಳೆಗುಂಟ ಬೆನ್ನುಹುರಿಯನ್ನು ಸೇರುತ್ತದೆ. ಅಲ್ಲಿ ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಅತಿ ಕಿರಿದಾದ ಅಂತರವಿರುತ್ತದೆ. ಆಂಗ್ಲ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ಅವರು 1897ರಲ್ಲಿ ಈ ಸಂಧಿಸ್ಥಾನಕ್ಕೆ ‘ಸಿನಾಪ್ಸ್’ ಎಂಬ ಹೆಸರನ್ನು ಬಳಕೆಗೆ ತಂದರು. ರಾಸಾಯನಿಕವೊಂದು ಸುದ್ದಿಯನ್ನು ಆಚೆ ದಡಕ್ಕೆ ಮುಟ್ಟಿಸಲು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ ಸಾಕು. ಅಲ್ಲಿಂದ ಹೊರಟ ಆಜ್ಞೆಯು ಕೈ ಮಡಿಸುವ ಸ್ನಾಯುವನ್ನು ಬಿಗಿಗೊಳಿಸುತ್ತದೆ, ಚಾಚುವ ಸ್ನಾಯುವನ್ನು ಸಡಿಲಿಸುತ್ತದೆ. ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿದಾಗಲಂತೂ ಒಂದು ಕಾಲು ಮೇಲೇಳುತ್ತದೆ, ಬೀಳದಂತೆ ಇನ್ನೊಂದು ಕಾಲು ಗಟ್ಟಿಯಾಗಿ ನಿಲ್ಲುತ್ತದೆ. ಇದಕ್ಕೇ ಪರಾವರ್ತಿತ ಪ್ರತಿಕ್ರಿಯೆ ಎಂದು ಹೆಸರು. ಕಳ್ಳನನ್ನು ಕಂಡ ಕಾವಲುಗಾರನು ಯಜಮಾನನ ಅಪ್ಪಣೆಗೆ ಕಾಯದೆ ಬಾಗಿಲು ಹಾಕಿ, ಅನಂತರ ಸುದ್ದಿ ಮುಟ್ಟಿಸುವಂತೆ, ಬೆನ್ನುಹುರಿಯು ಮೊದಲು ಅಂಗವನ್ನು ರಕ್ಷಿಸುತ್ತದೆ; ಮೆದುಳಿಗೆ ನೋವಿನ ಅರಿವು ತುಸು ತಡವಾಗಿ ಆಗುತ್ತದೆ.

ಈ ಕಾವಲುಗಾರನೇ ಮಲಗಿಬಿಟ್ಟರೆ? ಸಕ್ಕರೆ ಕಾಯಿಲೆಯು ಬಹುಕಾಲ ಹತೋಟಿಯಲ್ಲಿಲ್ಲದಿದ್ದಾಗ ಆಗುವುದು ಇದೇ. ರಕ್ತದಲ್ಲಿ ಹೆಚ್ಚಿದ ಸಕ್ಕರೆಯು ನರಗಳನ್ನೂ ಅವುಗಳನ್ನು ಪೋಷಿಸುವ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ. ಅತಿ ಉದ್ದವಾದ, ಪಾದದವರೆಗೆ ಚಾಚಿದ ನರಗಳು ಮೊದಲು ಸೊರಗುತ್ತವೆ. ಜೋಮು, ಉರಿ ಕಾಣಿಸಿಕೊಂಡು ಬರಬರುತ್ತ ಸ್ಪರ್ಶಜ್ಞಾನವೇ ಕುಂದುತ್ತದೆ. ಕೆಲವರಲ್ಲಿ ಯಾವ ಮುನ್ಸೂಚನೆಯೂ ಇರುವುದಿಲ್ಲ. ಆಗ ಮುಳ್ಳು ಚುಚ್ಚಿದರೂ ಕಾಲು ಮೇಲೇಳದು. ತಿಳಿಯದೆ ಉಳಿದ ಗಾಯ ಕೀವುಗಟ್ಟಿ, ಪಾದವನ್ನೇ ಕತ್ತರಿಸಬೇಕಾದ ಸ್ಥಿತಿಯೂ ಬರಬಹುದು.

ಯುಗಾದಿಯ ಸಮಯದಲ್ಲಿ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆಂದು ನಮ್ಮ ಭಾಗದ ಜಿಲ್ಲೆಗಳಿಂದ ಸಹಸ್ರಾರು ಭಕ್ತರು ಪಾದಯಾತ್ರೆ ಹೊರಡುತ್ತಾರೆ, ಅನೇಕರು ಬರಿಗಾಲಲ್ಲಿ. ಚೈತ್ರದ ಬಿಸಿಲಿಗೆ ಕಾದ ಡಾಂಬರು ರಸ್ತೆ ಅಂಗಾಲನ್ನು ಸುಡಬಲ್ಲದು. ಆರೋಗ್ಯವಂತರು ಕೂಡಲೇ ನೆರಳಿಗೆ ಸರಿಯುತ್ತಾರೆ. ನರ ಸೊರಗಿದವರು ಸುಟ್ಟ ಕಾಲಲ್ಲೇ ಮುಂದೆ ನಡೆಯುತ್ತಾರೆ. ನೋವಿಲ್ಲದ್ದನ್ನು ದೇವರ ಕೃಪೆಯೆಂದು ಭಾವಿಸಿದರೂ ಭಾವಿಸಿಯಾರು. ಅದು ಕೃಪೆಯಲ್ಲ, ರೋಗದ ಲಕ್ಷಣ.

ಆದುದರಿಂದ ಸಕ್ಕರೆ ಕಾಯಿಲೆಯುಳ್ಳ ಹಿರಿಯರು ಯಾತ್ರೆಗೆ ಹೊರಡುವ ಮುನ್ನ ವೈದ್ಯರಿಂದ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಸ್ಪರ್ಶವನ್ನು ಅಳೆಯುವ ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಸ್ಪರ್ಶ ಕುಂದಿದ್ದರೆ ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಪಾದರಕ್ಷೆ ಧರಿಸುವ ಮುನ್ನ ಒಳಗೆ ಕೈಯಾಡಿಸಿ ಹರಳು, ಮುಳ್ಳು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನೋಯುವ ಕಾಲನ್ನು ಬಿಸಿನೀರಿನಲ್ಲಿ ಇಡಬಾರದು. ಬೊಬ್ಬೆ ಎದ್ದರೆ ಒಡೆಯದೆ ವೈದ್ಯರಿಗೆ ತೋರಿಸಬೇಕು.

ಪ್ರತಿರಾತ್ರಿ ಅಂಗಾಲು, ಬೆರಳ ಸಂದುಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಬಾಗಲಾರದ ಹಿರಿಯರ ಪಾದಗಳನ್ನು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ನೋಡಲಿ. ನರಗಳು ಮಾಡಲಾರದ ಕಾವಲನ್ನು ಮನೆಯವರ ಕಣ್ಣುಗಳು ಮಾಡಬೇಕು.