ಮುಳ್ಳನ್ನು ಪರೀಕ್ಷಿಸದೆ ಎಂಜಿನ್ ಬಿಚ್ಚಿಸಬೇಡಿ

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಹಳೆಯ ಮಹೀಂದ್ರ ಜೀಪು ಇಂದಿಗೂ ದುಡಿಯುತ್ತಿದೆ. ಕಾಫಿ ಕುಯ್ಲಿನ ಕಾಲದಲ್ಲಿ ಆಳುಗಳನ್ನೂ ಹಣ್ಣಿನ ಚೀಲಗಳನ್ನೂ ಹೇರಿಕೊಂಡು ಏರುದಾರಿಯಲ್ಲಿ ಮೊದಲ ಗೇರಿನಲ್ಲಿ ತೆವಳುವ ಈ ವಾಹನಕ್ಕೆ ಬಿಸಿಯೇ ದೊಡ್ಡ ಶತ್ರು. ಆ ಬಿಸಿಯನ್ನು ಚಾಲಕನಿಗೆ ತಿಳಿಸಲು ಇರುವುದು ಟೆಂಪರೇಚರ್ ಮೀಟರಿನ ಒಂದು ಸಣ್ಣ ಮುಳ್ಳು. ಅದರ ವಿಷಯದಲ್ಲಿ ನಮ್ಮ ಬೇಸಾಯಗಾರರಲ್ಲಿ ಎರಡು ರೂಢಿಗಳು ಬೆಳೆದು ಬಂದಿವೆ. ಎರಡೂ ಹಾನಿಕರವೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯದು, "ಅದು ಯಾವಾಗಲೂ ಹಾಗೇ ತೋರಿಸೋದು" ಎಂದು ಮುಳ್ಳಿನ ಕಡೆ ನೋಡುವುದನ್ನೇ ಬಿಡುವುದು. ಎರಡನೆಯದು, ಮುಳ್ಳು ಮೇಲೇರಿದ ಕೂಡಲೆ ಗ್ಯಾರೇಜಿಗೆ ಒಯ್ದು ಮೊದಲು ಥರ್ಮೋಸ್ಟಾಟ್ ಕಿತ್ತೆಸೆಯುವುದು, ಆಮೇಲೆ ರೇಡಿಯೇಟರ್ ತೊಳೆಸುವುದು, ಅದಕ್ಕೂ ಮುಳ್ಳು ಜಗ್ಗದಿದ್ದರೆ ಹೆಡ್ ಬಿಚ್ಚಿಸುವುದು. ಇಷ್ಟೆಲ್ಲ ಖರ್ಚಾದ ಮೇಲೆ ದೋಷವಿದ್ದದ್ದು ಇಲಿ ಕಡಿದ ಒಂದು ತಂತಿಯಲ್ಲಿ ಎಂದು ತಿಳಿದರೆ ಹೋದ ಹಣ ಹಿಂದಿರುಗುವುದಿಲ್ಲ. ಎಂಜಿನ್ನಿಗೆ ಸ್ಪಾನರ್ ಹಾಕುವ ಮುನ್ನ ಮೀಟರನ್ನು ಪರೀಕ್ಷಿಸಬೇಕು. ಆ ಪರೀಕ್ಷೆ ಮುಗಿಯುವವರೆಗೆ ಮುಳ್ಳು ಹೇಳುವುದನ್ನು ನಿಜವೆಂದೇ ಎಣಿಸಿ ಗಾಡಿ ನಿಲ್ಲಿಸಬೇಕು.

ತೀರ ಹಳೆಯ ಕೆಲವು ವಾಹನಗಳಲ್ಲಿ ಎಂಜಿನ್ನಿನಿಂದ ಮೀಟರಿನವರೆಗೆ ಕೂದಲೆಳೆಯಂಥ ರಂಧ್ರವುಳ್ಳ ತಾಮ್ರದ ಕೊಳವೆ ಇರುತ್ತದೆ. ಅದರೊಳಗಿನ ದ್ರವದ ಆವಿಯ ಒತ್ತಡವೇ ಮುಳ್ಳನ್ನು ತಳ್ಳುತ್ತದೆ. ಈ ಕೊಳವೆ ಮುರಿದರೆ ಮುಳ್ಳು ತಳಕ್ಕೆ ಬಿದ್ದು ಮತ್ತೆ ಏಳುವುದಿಲ್ಲ. ಇಡೀ ಮೀಟರನ್ನೇ ಬದಲಿಸಬೇಕು.

ಹೆಚ್ಚಿನ ಜೀಪುಗಳಲ್ಲಿರುವುದು ವಿದ್ಯುತ್ ಮೀಟರು. ಎಂಜಿನ್ನಿನ ನೀರಿನೊಳಗೆ ಮೂತಿ ಚಾಚಿ ಕುಳಿತ ಹಿತ್ತಾಳೆಯ ಸೆನ್ಸರಿಗೂ ಮೀಟರಿಗೂ ಒಂದು ತಂತಿಯ ಸಂಬಂಧ. ನೀರು ಬಿಸಿಯಾದಂತೆ ಸೆನ್ಸರಿನ ವಿದ್ಯುತ್ ರೋಧ ಇಳಿಯುತ್ತದೆ, ಹರಿಯುವ ವಿದ್ಯುತ್ತು ಹೆಚ್ಚುತ್ತದೆ, ಮುಳ್ಳು ಏರುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟರೆ ದೋಷ ಎಲ್ಲಿದೆಯೆಂದು ಹುಡುಕಲು ಮಿಸ್ತ್ರಿಯೇ ಬೇಕೆಂದಿಲ್ಲ.

ಎಂಜಿನ್ ನಿಲ್ಲಿಸಿ ಕೀಲಿಯನ್ನು ಮಾತ್ರ ತಿರುಗಿಸಿ, ಸೆನ್ಸರಿನಿಂದ ತಂತಿಯನ್ನು ಬಿಡಿಸಿ. ಮುಳ್ಳು ತಣ್ಣನೆಯ ತುದಿಗೆ ಇಳಿಯಬೇಕು. ತಂತಿಯ ತುದಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒಂದೆರಡು ಸೆಕೆಂಡು ತಾಗಿಸಿದರೆ ಬಿಸಿಯ ತುದಿಯತ್ತ ಏರಬೇಕು. ಹೆಚ್ಚು ಹೊತ್ತು ತಾಗಿಸಿದರೆ ಮೀಟರು ಕೆಟ್ಟೀತು. ಎರಡೂ ಸರಿಯಾದರೆ ತಂತಿಯೂ ಮೀಟರೂ ಜೀವಂತವಾಗಿವೆ. ಅನುಮಾನ ಸೆನ್ಸರಿನ ಮೇಲೆ ಅಥವಾ ನಿಜವಾದ ಬಿಸಿಯ ಮೇಲೆ ಉಳಿಯುತ್ತದೆ. ತಂತಿ ಬಿಡಿಸಿದರೂ ಮುಳ್ಳು ಮೇಲೆಯೇ ನಿಂತರೆ ದಾರಿಯಲ್ಲೆಲ್ಲೋ ತಂತಿಯ ಹೊದಿಕೆ ಸವೆದು ಬಾಡಿಗೆ ತಗುಲಿರುವುದು ಬಹುಮಟ್ಟಿಗೆ ಖಂಡಿತ.

ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಜಿಗಿದರೆ ಅರ್ಥ್ ಸರಿಯಿಲ್ಲವೆಂದೇ ತಿಳಿಯಿರಿ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅದನ್ನು ಛಾಸಿಗೆ ಜೋಡಿಸುವ ಹೆಣೆದ ತಂತಿಯ ಪಟ್ಟಿ ಮಲೆನಾಡಿನ ಮಳೆಗೆ ತುಕ್ಕು ಹಿಡಿದರೆ ಮುಳ್ಳು ಇರುವುದಕ್ಕಿಂತ ಕಡಿಮೆ ಬಿಸಿಯನ್ನು ತೋರಿಸುತ್ತದೆ. ಇದು ಹೆಚ್ಚು ಅಪಾಯದ ಸುಳ್ಳು. ಹೆಚ್ಚು ತೋರಿಸುವ ಮೀಟರು ಜೇಬನ್ನು ಸುಡುತ್ತದೆ, ಕಡಿಮೆ ತೋರಿಸುವುದು ಎಂಜಿನ್ನನ್ನೇ ಸುಡುತ್ತದೆ. ಇನ್ನು ಡೀಸೆಲ್ ಮೀಟರೂ ಇದರ ಜೊತೆಗೇ ತಪ್ಪು ಹೇಳತೊಡಗಿದರೆ ಸೆನ್ಸರನ್ನು ದೂರಬೇಡಿ. ಎರಡಕ್ಕೂ ಸಮನಾದ ವೋಲ್ಟೇಜ್ ಕೊಡುವ ಭಾಗವನ್ನೂ ಡ್ಯಾಶ್‌ಬೋರ್ಡಿನ ಅರ್ಥನ್ನೂ ನೋಡಿಸಿ.

ಸೆನ್ಸರಿನ ಪರೀಕ್ಷೆಗೆ ಅಡುಗೆಮನೆಯ ಒಂದು ಪಾತ್ರೆ ಸಾಕು. ಎಂಜಿನ್ ಪೂರ್ತಿ ತಣಿದ ಮೇಲೆ ಸ್ವಲ್ಪ ನೀರು ಇಳಿಸಿ ಸೆನ್ಸರನ್ನು ಬಿಚ್ಚಿ, ಅದರ ತಂತಿಯನ್ನು ಮತ್ತೆ ಸಿಕ್ಕಿಸಿ. ಅದರ ಹಿತ್ತಾಳೆಯ ಮೈಯಿಂದ ಎಂಜಿನ್ನಿಗೆ ಇನ್ನೊಂದು ತಂತಿ ಕಟ್ಟಿ. ಕೀಲಿ ತಿರುಗಿಸಿ, ಸೆನ್ಸರಿನ ಮೂತಿಯನ್ನಷ್ಟೇ ಬಿಸಿ ನೀರಿನಲ್ಲಿ ಅದ್ದಿ, ಪಕ್ಕದಲ್ಲಿ 100 ಡಿಗ್ರಿಗೂ ಮೇಲೆ ತೋರಿಸುವ ಥರ್ಮಾಮೀಟರ್ ಇಟ್ಟು ಮುಳ್ಳನ್ನು ಗಮನಿಸಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು. ಥರ್ಮಾಮೀಟರ್ ಸಿಗದೆ ಕುದಿಯುವ ನೀರನ್ನೇ ಅಳತೆಗೋಲಾಗಿ ಹಿಡಿಯುವವರು ಒಂದು ಮಾತು ನೆನಪಿಡಬೇಕು: ಪ್ರತಿ 300 ಮೀಟರ್ ಎತ್ತರಕ್ಕೆ ನೀರಿನ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮಡಿಕೇರಿಯಲ್ಲಿ ಹತ್ತಿರ ಹತ್ತಿರ 96 ಡಿಗ್ರಿಗೇ ಕುದಿಯುತ್ತದೆ.

ಈ ಲೆಕ್ಕ ಪಾತ್ರೆಗಷ್ಟೇ ಅಲ್ಲ, ರೇಡಿಯೇಟರಿಗೂ ಸಲ್ಲುತ್ತದೆ. 7 ಪೌಂಡಿನ ಒತ್ತಡ ತಡೆಯುವ ಕ್ಯಾಪ್ ಕುದಿಬಿಂದುವನ್ನು 10 ಡಿಗ್ರಿಗೂ ಹೆಚ್ಚು ಏರಿಸುತ್ತದೆ. ಅದರ ಸ್ಪ್ರಿಂಗ್ ಸತ್ತಿದ್ದರೆ ಅಥವಾ ವಾಷರ್ ಒಣಗಿದ್ದರೆ ಘಟ್ಟದ ಮೇಲೆ ನೀರು 96 ಡಿಗ್ರಿಗೇ ಕುದಿದು ಉಕ್ಕುತ್ತದೆ. ಆಗ ಮುಳ್ಳು ಕೆಂಪು ಗೆರೆಗಿಂತ ಕೆಳಗೇ ಇರಬಹುದು. "ಮೀಟರ್ ಸುಳ್ಳು ಹೇಳ್ತಿದೆ" ಎಂದು ಹೊಸ ಮೀಟರ್ ತಂದವರನ್ನು ಕಂಡಿದ್ದೇನೆ. ಮೀಟರು ನಿಜವನ್ನೇ ಹೇಳುತ್ತಿತ್ತು, ಬದಲಿಸಬೇಕಾಗಿದ್ದದ್ದು ಕ್ಯಾಪು.

ಇತ್ತೀಚೆಗೆ ಗುರಿಯಿಟ್ಟು ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರುಗಳು ಊರಿನ ಅಂಗಡಿಗಳಿಗೂ ಬಂದಿವೆ. ಹತ್ತು ಮನೆಯವರು ಕೂಡಿ ಒಂದನ್ನು ಕೊಂಡರೆ ನಷ್ಟವಿಲ್ಲ. ಆದರೆ ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಕೂತಿರುವ ಭಾಗಕ್ಕೆ ಒಂದು ಬೊಟ್ಟು ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ ಅಲ್ಲಿಗೆ ಗುರಿಯಿಡಬೇಕು.

ಥರ್ಮೋಸ್ಟಾಟ್ ಕಿತ್ತೆಸೆಯುವ ಚಟವನ್ನಂತೂ ನಾನು ಒಪ್ಪಲಾರೆ. ಅದಿಲ್ಲದ ಎಂಜಿನ್ ಚಳಿಗಾಲದ ಬೆಳಗಿನಲ್ಲಿ ಕಾಯುವುದೇ ಇಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಮುಳ್ಳು ಕೆಳಗಿಳಿಯಿತೆಂಬ ಸಮಾಧಾನ ಮಾತ್ರ ಮಾಲೀಕನದು. ಅನುಮಾನವಿದ್ದರೆ ಅದನ್ನೂ ಅದೇ ಪಾತ್ರೆಯಲ್ಲಿ ಹಾಕಿ ನೋಡಿ. 82 ಎಂದು ಮುದ್ರೆಯಿದ್ದರೆ ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡತೊಡಗಬೇಕು.

ಏರಿನಲ್ಲಿ ಮೇಲಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಸಂತೋಷಪಡಬೇಡಿ. ನೀರು ಸೋರಿ ಸೆನ್ಸರಿನ ಮೂತಿ ಬರಿದಾಗಿ ಗಾಳಿಯಲ್ಲಿ ನಿಂತಿರಬಹುದು. ಒಡನೆ ಎಂಜಿನ್ ನಿಲ್ಲಿಸಿ. ರೇಡಿಯೇಟರ್ ಕೈಗೆ ತಣ್ಣಗಾಗುವವರೆಗೆ ಕ್ಯಾಪ್ ಮುಟ್ಟಬೇಡಿ, ಕಾದ ಬ್ಲಾಕಿಗೆ ತಣ್ಣೀರು ಸುರಿಯಲೂ ಬೇಡಿ.

ಹೊಸ ಸೆನ್ಸರ್ ಕೊಳ್ಳುವಾಗ ಹಳೆಯದನ್ನು ಜೊತೆಯಲ್ಲೇ ಒಯ್ಯಿರಿ. ಮರೆ ಒಂದೇ ಆದ ಮಾತ್ರಕ್ಕೆ ಸೆನ್ಸರ್ ಒಂದೇ ಆಗದು. ಮೀಟರಿಗೆ ಜೋಡಿಯಲ್ಲದ ಸೆನ್ಸರ್ ಹೊಚ್ಚ ಹೊಸದಾಗಿದ್ದರೂ ತಪ್ಪನ್ನೇ ಹೇಳುತ್ತದೆ. ಮರೆಗೆ ಬಿಳಿ ಟೇಪನ್ನು ದಪ್ಪವಾಗಿ ಸುತ್ತಿದರೆ ಅರ್ಥ್ ತಪ್ಪಬಹುದು. ಕೂರಿಸುವ ಮುನ್ನ ಪಾತ್ರೆಯಲ್ಲಿ ಇನ್ನೊಮ್ಮೆ ನೋಡಿ, 82 ಡಿಗ್ರಿಯಲ್ಲಿ ಮುಳ್ಳು ನಿಂತ ಜಾಗಕ್ಕೆ ಮೀಟರಿನ ಗಾಜಿನ ಮೇಲೆ ಬಿಳಿ ಬಣ್ಣದ ಚುಕ್ಕೆಯನ್ನೂ 95ರಲ್ಲಿ ನಿಂತ ಜಾಗಕ್ಕೆ ಕೆಂಪು ಚುಕ್ಕೆಯನ್ನೂ ಇಟ್ಟು, ಕೆಂಪು ದಾಟಿದರೆ ಗಾಡಿ ನಿಲ್ಲಿಸಬೇಕೆಂದು ಚಾಲಕನಿಗೆ ತಿಳಿಸಿರಿ.