ಕಡಲಾಮೆಗೆ ಕಲ್ಲು ಹೊಡೆಯುವ ಮುಂಚೆ

ಏರ್ ಕಂಡಿಷನರ್ ಮಾಡುವ ಚೀನಾದ ದೊಡ್ಡ ಕಂಪನಿ ಗ್ರೀ. ಅದರ ಮುಖ್ಯಸ್ಥೆ ಡಾಂಗ್ ಮಿಂಗ್‌ಝು 2025ರ ಏಪ್ರಿಲ್‌ನಲ್ಲಿ ಷೇರುದಾರರ ಸಭೆಯಲ್ಲಿ ಒಂದು ಮಾತು ಆಡಿದರು. ವಿದೇಶದಲ್ಲಿ ಓದಿ ಬಂದವರನ್ನು ನಾವು ಯಾವತ್ತೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಅವರಲ್ಲಿ ಗೂಢಚಾರರಿರುತ್ತಾರೆ, ಯಾರು ಹೌದು ಯಾರು ಅಲ್ಲ ಅಂತ ತಿಳಿಯುವುದಿಲ್ಲ ಎನ್ನುವುದು ಅದರ ಸಾರ. ಅಲ್ಲಿ ದೊಡ್ಡ ಗಲಾಟೆಯೇ ಆಯಿತು. ನಮ್ಮ ಬಳಗದ ವಾಟ್ಸ್ಆ್ಯಪ್ ಗುಂಪಿಗೆ ಈ ಸುದ್ದಿ ಬಂದಾಗ ಇಬ್ಬರು ನಗುವ ಮುಖ ಹಾಕಿದರು. ‘ಅಪ್ಪನ ದುಡ್ಡಲ್ಲಿ ಎಂಬಿಎ ಕೊಂಡವರಿಗೆ ಹಿಂಗೇ ಆಗ್ಬೇಕು’ ಅಂತ ಒಬ್ಬರು ಬರೆದರು. ರಾತ್ರಿ ಹನ್ನೊಂದರವರೆಗೂ ಜಗಳ ಆಯಿತು. ಈ ಬರಹ ಆ ಜಗಳದ್ದೇ ಫಲ, ನಕ್ಕವರೂ ಇದಕ್ಕೆ ಸಹಿ ಹಾಕಿದ್ದಾರೆ.

ನಾವು ಹೇಳುವುದು ಇಷ್ಟು: ಆ ಹುಡುಗರು ಡಿಗ್ರಿ ಕೊಂಡರು ಅನ್ನುವ ಮೊದಲು ಅದನ್ನು ಮಾರಿದವರು ಯಾರು ಅಂತ ಕೇಳಿ.

ಸಮುದ್ರದಾಚೆಯಿಂದ ಮರಳಿದವರಿಗೆ ಚೀನೀ ಭಾಷೆಯಲ್ಲಿ ‘ಹೈಗುಯಿ’ ಅನ್ನುತ್ತಾರೆ. ಅದೇ ಉಚ್ಚಾರಣೆಗೆ ಕಡಲಾಮೆ ಅನ್ನುವ ಅರ್ಥವೂ ಇದೆ. ಬಂದು ಕೆಲಸವಿಲ್ಲದೆ ಕಾಯುತ್ತ ಕೂತವರು ‘ಹೈದೈ’, ಅಂದರೆ ಕಡಲ ಪಾಚಿ. ಒಂದೇ ವರ್ಷದಲ್ಲಿ ಮುಗಿಯುವ ವಿದೇಶಿ ಸ್ನಾತಕೋತ್ತರ ಪದವಿಗೆ ಅಲ್ಲಿಯ ಅಡ್ಡಹೆಸರು ‘ಶುಯಿಶುವೊ’, ನೀರು ಮಾಸ್ಟರ್ಸ್. ಹಾಲಿನ ಡೇರಿ ಇರುವ ಊರುಗಳಲ್ಲಿ ಬೆಳೆದ ನಮಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಆದರೆ ಡೇರಿಯಲ್ಲಿ ಹಾಲು ನೀರಾಗಿದ್ದರೆ ಬೈಸಿಕೊಳ್ಳುವವನು ನೀರು ಬೆರೆಸಿದವನು, ಕುಡಿದವನಲ್ಲ.

ಹಿಂದೆ ಹೀಗಿರಲಿಲ್ಲ. 1978ರಲ್ಲಿ ಡೆಂಗ್ ಷಿಯಾವೋಪಿಂಗ್ ಹೊರಗೆ ಓದಲು ಜನರನ್ನು ಕಳಿಸಿ ಎಂದಾಗ ಅಮೆರಿಕಕ್ಕೆ ಹೊರಟ ಮೊದಲ ತಂಡದಲ್ಲಿ ಇದ್ದವರು 52 ಜನ. ಅಂಥವರು ಮರಳಿದರೆ ಎದುರುಗೊಳ್ಳಲು ಜನ ನಿಲ್ಲುತ್ತಿದ್ದರು. ಬೈದು ಕಟ್ಟಿದ ರಾಬಿನ್ ಲೀ ಅಮೆರಿಕದಲ್ಲಿ ಓದಿ ಬಂದವರೇ. 2019ಕ್ಕೆ ಬನ್ನಿ. ಚೀನಾದ ಶಿಕ್ಷಣ ಸಚಿವಾಲಯದ ಲೆಕ್ಕದಲ್ಲಿ ಆ ಒಂದೇ ವರ್ಷ 7,03,500 ಜನ ಹೊರಗೆ ಹೋದರು, 5,80,300 ಜನ ಮರಳಿದರು. ಐದೂಮುಕ್ಕಾಲು ಲಕ್ಷ ಜನರ ಕೈಯಲ್ಲಿ ಇರುವ ವಸ್ತುವಿಗೆ ಅಪರೂಪದ ಬೆಲೆ ಹೇಗೆ ಬಂದೀತು? ಮಾರುವವರು ಮಾತ್ರ ಹಳೆಯ ಬೆಲೆಯನ್ನೇ ಹೇಳುತ್ತಿದ್ದಾರೆ.

ಯಾಕೆ ಅಂದರೆ ಅವರಿಗೆ ಹಣ ಬೇಕು. ಇಂಗ್ಲೆಂಡನ್ನೇ ನೋಡಿ. ಸ್ವದೇಶಿ ಪದವಿ ವಿದ್ಯಾರ್ಥಿಯ ವಾರ್ಷಿಕ ಶುಲ್ಕಕ್ಕೆ ಸರ್ಕಾರದ ಮಿತಿ ಇದೆ. 2012ರಲ್ಲಿ 9,000 ಪೌಂಡ್ ಇತ್ತು, 2017ರಲ್ಲಿ 9,250 ಆಯಿತು, 2025ರವರೆಗೆ ಅಲ್ಲೇ ನಿಂತಿತ್ತು. ಬೆಲೆಯೇರಿಕೆ ನಿಲ್ಲಲಿಲ್ಲವಲ್ಲ! ವಿದೇಶಿಯರ ಶುಲ್ಕಕ್ಕೆ ಅಂಥ ಮಿತಿ ಇಲ್ಲ. ಪ್ರಯೋಗಾಲಯ ಬೇಡ, ಯಂತ್ರ ಬೇಡ, ಒಂದು ದೊಡ್ಡ ಹಾಲ್ ಮತ್ತು ಪ್ರೊಜೆಕ್ಟರ್ ಇದ್ದರೆ ನಡೆಯುವ ವಿಷಯ ಮ್ಯಾನೇಜ್‌ಮೆಂಟ್. ಬ್ರಿಟನ್ನಿನಲ್ಲಿ ಓದುವ ಚೀನೀಯರ ಸಂಖ್ಯೆ ಒಂದೂವರೆ ಲಕ್ಷದ ಆಸುಪಾಸಿಗೆ ಬಂದಿದ್ದು ಸುಮ್ಮನೆ ಅಲ್ಲ.

ನಮ್ಮ ಜೊತೆ ಓದಿ ಆಮೇಲೆ ಉತ್ತರ ಇಂಗ್ಲೆಂಡಿಗೆ ಮ್ಯಾನೇಜ್‌ಮೆಂಟ್ ಓದಲು ಹೋದ ಹಾವೇರಿ ಕಡೆಯ ಗೆಳೆಯನೊಬ್ಬನಿದ್ದಾನೆ. ಯಾವ ವಿಶ್ವವಿದ್ಯಾಲಯ ಅನ್ನುವುದು ಬೇಡ. ಅವನ ಐದು ಜನರ ತಂಡದಲ್ಲಿ ನಾಲ್ವರು ಚೀನೀಯರು, ಅದರಲ್ಲೊಬ್ಬಳು ಹೆನಾನ್ ಪ್ರಾಂತ್ಯದ ಹುಡುಗಿ. ಶುಲ್ಕಕ್ಕೆ ಅಪ್ಪ-ಅಮ್ಮ ಮನೆ ಮಾರಿದ್ದರು. ಒಬ್ಬಳೇ ಮಗಳು. ಎರಡೂ ಕಡೆಯ ಅಜ್ಜ-ಅಜ್ಜಿಯರ ಉಳಿತಾಯವೂ ಅದರಲ್ಲೇ ಕರಗಿತ್ತು. ‘ಒಂದೇ ಮಗು’ ಕಾನೂನಿನ ಕಾಲದ ಮನೆಯಲ್ಲಿ ಆರು ಜನ ಹಿರಿಯರ ದುಡ್ಡು ಒಂದೇ ಹೆಗಲ ಮೇಲೆ ಬೀಳುತ್ತದೆ. ಶ್ರೀಮಂತರ ಮಕ್ಕಳು ಅನ್ನುವಾಗ ಇದು ನೆನಪಿರಲಿ.

ಆ ಹುಡುಗಿಯ ಒಂದು ವರ್ಷ ಹೇಗೆ ಹೋಯಿತು ಅಂತ ಗೆಳೆಯ ವಿವರಿಸಿದ ಮೇಲೆಯೇ ನಮಗೆ ವಿಷಯ ಅರ್ಥವಾದದ್ದು. ಅಲ್ಲಿ ಪಾಠ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಮುಂದಿನ ವರ್ಷ ಪದವಿ ಮುಗಿಸುವವರನ್ನು ಚೀನಾದ ದೊಡ್ಡ ಕಂಪನಿಗಳು ಆರಿಸಿಕೊಳ್ಳುವ ‘ಶರತ್ಕಾಲದ ನೇಮಕಾತಿ’ಯೂ ನಡೆಯುವುದು ಅದೇ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಅಂದರೆ ಬಾಡಿಗೆ ಕೋಣೆಗೆ ಹಾಸಿಗೆ ಹೊಂದಿಸುವ ವಾರದಲ್ಲೇ ಸಂದರ್ಶನ ಕೊಡಬೇಕು. ಅದೂ ಏಳೆಂಟು ಗಂಟೆ ಮುಂದೆ ಇರುವ ದೇಶದ ಸಮಯಕ್ಕೆ ನಡುರಾತ್ರಿ ಎದ್ದು, ಆನ್‌ಲೈನಲ್ಲಿ. ಬಯೋಡೇಟಾದಲ್ಲಿ ಬರೆಯಲು ಏನಿದೆ? ಇನ್ನೂ ಒಂದು ಪರೀಕ್ಷೆಯೂ ಆಗಿಲ್ಲ. ಊರಲ್ಲೇ ಎರಡು-ಮೂರು ವರ್ಷದ ಮಾಸ್ಟರ್ಸ್ ಮಾಡುವವರು ಅಷ್ಟರಲ್ಲಿ ಹಲವು ಕಡೆ ಇಂಟರ್ನ್‌ಶಿಪ್ ಮುಗಿಸಿ ಮ್ಯಾನೇಜರುಗಳ ಪರಿಚಯ ಮಾಡಿಕೊಂಡಿರುತ್ತಾರೆ. ಇವಳಿಗೆ ಬೇಸಿಗೆಯಲ್ಲಿ ಪ್ರಬಂಧ ಬರೆಯುವ ಕೆಲಸ. ಪ್ರಮಾಣಪತ್ರ ಕೈಗೆ ಬರುವಾಗ ಮತ್ತೆ ಚಳಿಗಾಲ. ಅದನ್ನು ಹಿಡಿದುಕೊಂಡು ಬೀಜಿಂಗ್‌ನಲ್ಲಿರುವ ಶಿಕ್ಷಣ ಸಚಿವಾಲಯದ ಕೇಂದ್ರದಿಂದ ಇದು ಅಸಲಿ ಪದವಿ ಎಂದು ದೃಢೀಕರಣ ತರಬೇಕು, ಇಲ್ಲದಿದ್ದರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ. ಈ ಕ್ಯಾಲೆಂಡರ್ ವಿಶ್ವವಿದ್ಯಾಲಯಕ್ಕೆ ಗೊತ್ತಿಲ್ಲವೇ? ನಾವು ನೋಡಿದ ಯಾವ ಬಣ್ಣದ ಪುಸ್ತಿಕೆಯಲ್ಲೂ ಇದರ ಸುದ್ದಿ ಇರಲಿಲ್ಲ.

ಹಾಗಾದರೆ ಅಲ್ಲೇ ಉಳಿದು ದುಡಿಯಬಹುದಲ್ಲ ಅನ್ನುತ್ತೀರಿ. ಓದಿದ ಮೇಲೆ ಎರಡು ವರ್ಷ ದುಡಿಯುವ ಅವಕಾಶವನ್ನು ಬ್ರಿಟನ್ 2012ರಲ್ಲಿ ಕಿತ್ತುಕೊಂಡಿತು, 2021ರಲ್ಲಿ ವಾಪಸ್ ಕೊಟ್ಟಿತು, 2027ರಿಂದ ಹದಿನೆಂಟು ತಿಂಗಳಿಗೆ ಇಳಿಸುತ್ತಿದೆ. ಅದಾದ ಮೇಲೆ ಬೇಕಾಗುವ ಉದ್ಯೋಗ ವೀಸಾಕ್ಕೆ ಸಾಮಾನ್ಯ ಸಂಬಳದ ಮಿತಿ 2024ರಲ್ಲಿ 38,700 ಪೌಂಡ್, 2025ರಲ್ಲಿ 41,700. ಅಮೆರಿಕದಲ್ಲಿ ವರ್ಷಕ್ಕೆ 85,000 ಎಚ್-1ಬಿ ವೀಸಾಗಳಿಗೆ ಲಾಟರಿ. ಅಲ್ಲಿನ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ 2025ರ ಮೇ ತಿಂಗಳಲ್ಲಿ ಚೀನೀ ವಿದ್ಯಾರ್ಥಿಗಳ ವೀಸಾಗಳನ್ನು ಬಿಗಿಯಾಗಿ ರದ್ದು ಮಾಡುತ್ತೇವೆ ಎಂದು ಘೋಷಿಸಿದರು. ಅಲ್ಲಿದ್ದರೆ ಚೀನಾದ ಗೂಢಚಾರ, ಊರಿಗೆ ಬಂದರೆ ಡಾಂಗ್ ಮೇಡಂ ಕಣ್ಣಿಗೆ ಪರದೇಶದ ಗೂಢಚಾರ! ಮಾರ್ಕೆಟಿಂಗ್ ಓದಿದವಳು ಯಾವ ರಹಸ್ಯ ಕದಿಯಬೇಕು ಹೇಳಿ ಸ್ವಾಮಿ.

ಮನೆಯ ಕಡೆಯ ಕಥೆಗೆ ಹುಡುಗರ ಕೈವಾಡ ಏನೂ ಇಲ್ಲ. ವ್ಯವಹಾರ ಓದಿದವರನ್ನು ತೆಗೆದುಕೊಳ್ಳುತ್ತಿದ್ದ ಉದ್ಯಮಗಳು ಒಂದರ ಹಿಂದೆ ಒಂದು ಮಲಗಿದವು. 2021ರ ಜುಲೈನಲ್ಲಿ ಲಾಭಕ್ಕಾಗಿ ನಡೆಯುವ ಶಾಲಾ ಟ್ಯೂಷನ್ ಅನ್ನು ಸರ್ಕಾರ ಮುಚ್ಚಿಸಿತು. ಅದೇ ವರ್ಷ ರಿಯಲ್ ಎಸ್ಟೇಟ್ ದೈತ್ಯ ಎವರ್‌ಗ್ರಾಂಡೆ ಸಾಲ ತೀರಿಸಲಾಗದೆ ಕುಸಿಯಿತು. 2023ರ ಜೂನ್‌ನಲ್ಲಿ 16ರಿಂದ 24 ವಯಸ್ಸಿನವರ ನಿರುದ್ಯೋಗ 21.3 ಪ್ರತಿಶತ ಮುಟ್ಟಿತು. ಸರ್ಕಾರ ಏನು ಮಾಡಿತು? ಆಗಸ್ಟ್‌ನಲ್ಲಿ ಆ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿತು. ಮುಂದಿನ ಜನವರಿಯಲ್ಲಿ ಓದುತ್ತಿರುವವರನ್ನು ಲೆಕ್ಕದಿಂದ ಬಿಟ್ಟು 14.9 ಎಂದು ಹೊಸದಾಗಿ ಹೇಳಿತು. ಪತ್ರಿಕೋದ್ಯಮ ಓದಿದ ನಮಗೆ ಈ ಜಾಣ್ಮೆ ಪರಿಚಿತ.

ಆ ವರ್ಷವೇ ಚೀನೀ ಹುಡುಗರು ಲೂ ಷುನ್ 1919ರಲ್ಲಿ ಪ್ರಕಟಿಸಿದ ಕೋಂಗ್ ಯೀಜಿಯ ಕಥೆಯನ್ನು ನೆನಪಿಸಿಕೊಂಡರು. ಓದಿದ್ದೇನೆಂದು ನಿಲುವಂಗಿ ಕಳಚಲಾಗದ, ಕೂಲಿಗಳ ಜೊತೆ ನಿಂತೇ ಕುಡಿಯುವ ಬಡಪಾಯಿ ಅವನು. ನಮ್ಮ ಡಿಗ್ರಿಯೂ ಕಳಚಲಾಗದ ನಿಲುವಂಗಿ ಎಂದು ಅವರು ಬರೆದುಕೊಂಡರೆ, ನಿಲುವಂಗಿ ಕಳಚಿ ದುಡಿಯಿರಿ ಎಂದು ಸರ್ಕಾರಿ ಮಾಧ್ಯಮ ಬುದ್ಧಿ ಹೇಳಿತು. ಆ ನಿಲುವಂಗಿ ಹೊಲಿದುಕೊಟ್ಟವರು ಯಾರು? ಶಾಂಘೈನ ಹುಕೌ, ಅಂದರೆ ಆ ಊರಿನ ಕಾಯಂ ನಿವಾಸಿ ಎಂಬ ನೋಂದಣಿ, ಸಿಗುವುದು ಕಷ್ಟ. 2022ರಲ್ಲಿ ಅದೇ ನಗರ ಜಗತ್ತಿನ ಮೊದಲ 50 ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದವರಿಗೆ ಷರತ್ತು ಸಡಿಲಿಸಿತು. ರ‍್ಯಾಂಕಿಂಗ್ ನೋಡಿ ಹಣ ಸುರಿಯಿರಿ ಎಂದು ಹೇಳಿದ್ದು ಆಡಳಿತವೇ ತಾನೆ?

ಉಡಾಫೆ ಮಾಡಿ ದುಡ್ಡು ಕಳೆದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರಿಗೆ ಅಪ್ಪನ ಕಂಪನಿ ಕಾದಿರುತ್ತದೆ, ಕೆಲಸದ ಚಿಂತೆ ಅವರದ್ದಲ್ಲ. ಏಟು ಬೀಳುವುದು ಮನೆ ಮಾರಿ ಬಂದವರಿಗೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ನಮ್ಮಲ್ಲಿ ನಕ್ಕವರಿಗೆ ಇನ್ನೊಂದು ಮಾತು. 2022ರಲ್ಲೇ ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಪಡೆಯುವುದರಲ್ಲಿ ಭಾರತೀಯರು ಚೀನೀಯರನ್ನು ಹಿಂದೆ ಹಾಕಿದರು. ಅದೇ ಹಾಲ್, ಅದೇ ಒಂದು ವರ್ಷ, ಅದೇ ಪುಸ್ತಿಕೆ. ದಾವಣಗೆರೆಯ ಒಂದು ಕನ್ಸಲ್ಟೆನ್ಸಿಗೆ ನಮ್ಮಲ್ಲೊಬ್ಬರು ಹೋಗಿ, ನೀವು ಕಳಿಸಿದವರಲ್ಲಿ ಓದು ಮುಗಿಸಿ ಮರಳಿದ ಹತ್ತು ಜನರ ಫೋನ್ ನಂಬರ್ ಕೊಡಿ ಎಂದು ಕೇಳಿದರು. ಕಾಫಿ ಕೊಟ್ಟರು.

ಹೆನಾನ್ ಹುಡುಗಿ ಈಗ ಊರಲ್ಲಿದ್ದಾಳೆ. ರಾಷ್ಟ್ರೀಯ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದಾಳಂತೆ. 2025ರ ಸುತ್ತಿನಲ್ಲಿ ಅದಕ್ಕೆ ಅರ್ಹರೆನಿಸಿದವರು 34 ಲಕ್ಷಕ್ಕೂ ಹೆಚ್ಚು ಜನ, ಹುದ್ದೆಗಳು 39,700. ತಂಡದ ಗುಂಪಿನಲ್ಲಿ ಈಗಲೂ ಹಬ್ಬಕ್ಕೆ ಶುಭಾಶಯ ಕಳಿಸುತ್ತಾಳೆ, ಕೆಲಸದ ವಿಚಾರ ಎತ್ತಿದರೆ ಉತ್ತರ ಬರುವುದಿಲ್ಲ ಅನ್ನುತ್ತಾನೆ ಗೆಳೆಯ.